ಮೂರನೆಯ ಒಲೆ

ನಮ್ಮ ಮನೆಗೆ ಎರಡು ಒಲೆಗಳಿದ್ದವು. ಒಂದು ಅಮ್ಮನದು, ಅಡುಗೆಮನೆಯ ಕಟ್ಟೆಯ ಮೇಲೆ. ಇನ್ನೊಂದು ರೋಸಿಯದು, ಹಿತ್ತಲಿನಾಚೆ ತಗಡಿನ ಮಾಡಿನ ಕೆಳಗೆ. ಮೊದಲನೆಯದರ ಮೇಲೆ ಅಕ್ಕಿ ರೊಟ್ಟಿ, ಹುರುಳಿಕಾಳಿನ ಸಾರು, ಹಬ್ಬಕ್ಕೆ ಗಸಗಸೆ ಪಾಯಸ. ಎರಡನೆಯದರ ಮೇಲೆ ಅರಿಸಿನ ಹಾಕಿ ಬೇಯಿಸಿದ ಮಟನ್. ಎರಡರ ನಡುವೆ ಇದ್ದದ್ದು ಒಂದು ಬಚ್ಚಲುಮನೆ, ಒಂದು ಬಟ್ಟೆ ಒಗೆಯುವ ಕಲ್ಲು, ಅಷ್ಟೇ. ಆ ಎರಡೂ ಒಂದನ್ನೊಂದು ಸೋಕದಂತೆ ಕಾಯುವುದೇ ಅಮ್ಮನ ಜೀವಮಾನದ ಡ್ಯೂಟಿ. ನಾನು ಮುಂದೆ ದೊಡ್ಡ ನಗರವೊಂದರ ಪೊಲೀಸ್ ಕಮಿಷನರ್ ಆಗಿ ಮಂತ್ರಿಗಳ ಮೆರವಣಿಗೆಗೆ, ಗಣಪತಿ ವಿಸರ್ಜನೆಗೆ, ಕ್ರಿಕೆಟ್ ಮ್ಯಾಚಿಗೆ ಬಂದೋಬಸ್ತ್ ಮಾಡಿಸಿದ್ದೇನೆ. ಅಮ್ಮ ಆ ಹಿತ್ತಲ ಬಾಗಿಲಿಗೆ ಮಾಡಿದಷ್ಟು ಬಿಗಿ ಬಂದೋಬಸ್ತು ನನ್ನ ಕೈಯಲ್ಲಿ ಇವತ್ತಿಗೂ ಆಗಿಲ್ಲ.

ರೋಸಿ ಎಂದರೆ ಶ್ವಾನದಳದ ಡಾಬರ್‌ಮನ್. ಅವಳನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ನಮ್ಮಪ್ಪಾಜಿ, ಹೆಡ್ ಕಾನ್‌ಸ್ಟೇಬಲ್ ರುದ್ರಪ್ಪ. ಶಿವಮೊಗ್ಗದ ನಮ್ಮ ಪೊಲೀಸ್ ಕ್ವಾರ್ಟರ್ಸ್ ಸಾಲಿನ ಹಿಂದೆಯೇ ನಾಯಿಗಳ ಕೆನಲ್ ಇತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಸೀದಾ ಹೋಗಿ ಮಾಂಸ ಬೇಯಿಸಲು ಕೂರುವ ಲಿಂಗಾಯತರು ಇಡೀ ಊರಿನಲ್ಲಿ ಅಪ್ಪಾಜಿ ಒಬ್ಬರೇ ಇದ್ದಿರಬೇಕು. ಅವರು ಒಂದು ಚೂರನ್ನೂ ಬಾಯಿಗೆ ಹಾಕಿದವರಲ್ಲ. ಉಪ್ಪಿಲ್ಲದ ಆ ಸಾರಿಗೆ ಅನ್ನ ಕಲಸಿ, ಮೂಳೆ ಆರಿಸಿ ತೆಗೆದು, ಬಿಸಿ ಆರಿದೆಯೇ ಎಂದು ಬೆರಳಿಟ್ಟು ನೋಡಿ ರೋಸಿಯ ಮುಂದಿಡುತ್ತಿದ್ದರು. ಆಮೇಲೆ ಒಗೆಯುವ ಕಲ್ಲಿನ ಹತ್ತಿರ ಬಂದು ನಿಲ್ಲಬೇಕು. ಅಮ್ಮ ದೂರದಿಂದಲೇ ತಲೆಯ ಮೇಲೆ ತಂಬಿಗೆಯಲ್ಲಿ ನೀರು ಹೊಯ್ಯುತ್ತಿದ್ದಳು. ಚಳಿಗಾಲದಲ್ಲೂ ವಿನಾಯಿತಿ ಇರಲಿಲ್ಲ. ಒದ್ದೆ ಮೈಯಲ್ಲಿ ಗಡಗಡ ನಡುಗುತ್ತಾ ಒಳಗೆ ಬರುವ ಅಪ್ಪಾಜಿಯನ್ನು ಅವಳು ಬಿಡದೆ ಕೆಣಕುತ್ತಿದ್ದಳು.

"ಏನ್ರೀ, ನಿಮ್ಮ ಎರಡನೇ ಹೆಂಡ್ತಿ ಉಂಡಳಾ?"

"ಉಂಡಳು ಮಾರಾಯ್ತಿ. ನಿನ್ನ ಹಂಗೆ ಹತ್ತು ಮಾತಾಡ್ದೆ ಸುಮ್ನೆ ಉಂಡಳು."

ಇಷ್ಟಾದರೂ ಅಪ್ಪಾಜಿಯ ಕೈಯಲ್ಲಿ ಎರಡೂ ವಾಸನೆ ಇರುತ್ತಿತ್ತು, ವಿಭೂತಿಯದು ಮತ್ತು ನಾಯಿಯದು. ಜ್ವರ ಬಂದಾಗ ಆ ಕೈ ನನ್ನ ಹಣೆಯ ಮೇಲೆ ಕೂತರೆ ನನಗೆ ನಿದ್ದೆ ಹತ್ತುತ್ತಿತ್ತು. ನಾನು ಆ ಕೈಯನ್ನು ತುಂಬಾ ನಂಬಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವುದು ಆ ಕೈಯ ವಿಷಯವೇ ಆದ್ದರಿಂದ.

ಆ ಕಾಲದಲ್ಲಿ ನಮ್ಮ ಜಿಲ್ಲೆಯ ಜನ ಪೊಲೀಸರನ್ನು ನಂಬದಿದ್ದರೂ ಪೊಲೀಸ್ ನಾಯಿಯನ್ನು ನಂಬುತ್ತಿದ್ದರು. ಆಲ್ಕೊಳದ ಕಡೆ ಒಂದು ಅಂಗಡಿ ಕಳವಾದಾಗ ರೋಸಿ ವಾಸನೆ ಹಿಡಿದು ಹೋಗಿ ಗೋಡೌನಿನಲ್ಲಿ ಅಡಗಿದ್ದವನನ್ನು ಬೊಗಳಿ ಎಬ್ಬಿಸಿದ್ದಳು. ಅವಳ ಜೊತೆ ಅಪ್ಪಾಜಿಯ ಫೋಟೋ ಪೇಪರಿನಲ್ಲಿ ಬಂತು. ದುರ್ಗಿಗುಡಿಯ ನನ್ನ ಶಾಲೆಯಲ್ಲಿ ಮೇಷ್ಟ್ರು ಆ ಪೇಪರನ್ನು ತರಗತಿಗೇ ತಂದು ತೋರಿಸಿದರು. ಆಯುಧಪೂಜೆಯ ದಿನ ರೋಸಿಯ ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಬೆಲ್ಟು ಹಿಡಿದ ಅಪ್ಪಾಜಿಗೂ ಒಂದು ಸಣ್ಣ ಹಾರ. ಎಷ್ಟೋ ಕಡೆ ನಾಯಿ ತರಿಸುತ್ತೇವೆ ಎಂದರೆ ಸಾಕು, ಕದ್ದವರು ತಾವಾಗಿಯೇ ಮಾಲು ತಂದು ಬಾವಿಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರಂತೆ. ಅಪ್ಪಾಜಿಗೆ ಮಾತ್ರ ಈ ಭಕ್ತಿ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ರೋಸಿಯ ಮೈ ಉಜ್ಜುತ್ತಾ ಒಮ್ಮೆ ನನಗೆ ಹೇಳಿದ್ದರು.

"ನಾಯಿ ವಾಸನೆ ಹೇಳುತ್ತೆ ಪುಟ್ಟಿ. ತಪ್ಪು ಯಾರದ್ದು ಅಂತ ಅದು ಹೇಳಲ್ಲ. ಅದನ್ನ ಹೇಳ್ಬೇಕಾದೋರು ನಾವು."

ರೋಸಿಗೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಅಪ್ಪಾಜಿಯ ಕೈಯಿಂದ ಬಿಟ್ಟು ಬೇರೆಯವರಿಂದ ತಿನ್ನುವಂತಿಲ್ಲ. ಕೆನಲ್ ಬಿಟ್ಟು ಬೇರೆಲ್ಲೂ ಉಣ್ಣುವಂತಿಲ್ಲ. ಯಾರ ಮನೆಯ ಹೊಸ್ತಿಲೂ ಅವಳಿಗೆ ರೂಢಿಯಾಗಬಾರದು. ಇದರಲ್ಲಿ ಮೊದಲನೆಯದನ್ನು ಅಪ್ಪಾಜಿ ಕೊನೆಯವರೆಗೂ ಪಾಲಿಸಿದರು. ಉಳಿದೆರಡು ಭದ್ರಾವತಿಯಲ್ಲಿ ಮುರಿದುಬಿದ್ದವು.

ಭದ್ರಾವತಿಯ ನ್ಯೂ ಟೌನ್ ಅಮ್ಮನ ತವರು. ಅಜ್ಜ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ಆಮೇಲೆ ಅದೇ ಕೆಲಸ ಮಾವನಿಗೆ ಸಿಕ್ಕಿತ್ತು. ಕಂಪನಿಯ ಸಾಲುಮನೆ, ಮುಂದೆ ಅಗಲವಾದ ರಸ್ತೆ, ಹಿಂದೆ ದಾಸವಾಳದ ಬೇಲಿ, ಬೇಲಿಯಾಚೆ ಇನ್ನೊಂದು ಸಾಲಿನ ಹಿತ್ತಿಲು. ಕಾರ್ಖಾನೆಯ ಸೈರನ್ ಕೂಗಿದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದಳು, ಮತ್ತೆ ಕೂಗಿದರೆ ಬಡಿಸುತ್ತಿದ್ದಳು. ಭದ್ರಾವತಿಗೆ ಡ್ಯೂಟಿ ಬಿದ್ದಾಗಲೆಲ್ಲ ಅಪ್ಪಾಜಿ ಮಧ್ಯಾಹ್ನದ ಊಟಕ್ಕೆ ಅತ್ತೆ ಮನೆಗೇ ಬರುತ್ತಿದ್ದರು, ರೋಸಿಯ ಜೊತೆಗೆ. ಅಳಿಯನಿಗೇನೋ ರೊಟ್ಟಿ, ಎಣ್ಣೆಗಾಯಿ ಸಿಗುತ್ತಿತ್ತು. ರೋಸಿಯ ಗತಿಯೇನು? ಅವಳ ಪಾಲಿನ ಮಟನ್ ಪೊಟ್ಟಣ ಜೀಪಿನಲ್ಲಿ ಹಸಿಯಾಗಿಯೇ ಇರುತ್ತಿತ್ತು. ಅದು ಕಾಂಪೌಂಡಿನೊಳಗೆ ಬಂದರೆ ತಾನು ಆ ದಿನ ಉಪವಾಸ ಎಂದಳು ಅಜ್ಜಿ. ಅಮ್ಮ ಅಜ್ಜಿಗಿಂತ ಒಂದು ಕೈ ಮೇಲು. ಕಾಂಪೌಂಡಿನ ಗೋಡೆಗೆ ತಾಗಿದರೂ ಗೋಡೆ ತೊಳೆಯಬೇಕು ಎಂದಳು. ಕೊನೆಗೆ ದಾರಿ ಹುಡುಕಿದವಳೂ ಅವಳೇ. ಬೇಲಿಯ ಹತ್ತಿರ ಹೋಗಿ ಹಿಂದಿನ ಮನೆಯ ಕನಕಕ್ಕನನ್ನು ಕರೆದಳು.

"ಕನಕಾ, ಒಂದು ಉಪಕಾರ ಮಾಡ್ತೀಯಾ? ನಮ್ಮನೆಯವರ ನಾಯಿಗೆ ಒಂಚೂರು ಬೇಯ್ಸಿ ಕೊಡ್ತೀಯಾ? ಯಾರಿಗೂ ಹೇಳ್ಬೇಡ ಮಾರಾಯ್ತಿ, ಹೊರಗೆ ಗೊತ್ತಾದ್ರೆ ಇವರ ಕೆಲಸಕ್ಕೇ ಕುತ್ತು."

"ಅದಕ್ಕೇನಕ್ಕಾ, ಕೊಡಿ. ನಮಗೆ ಬೇಯ್ಸೋ ಒಲೇಲಿ ಅದಕ್ಕೂ ಬೇಯುತ್ತೆ" ಎಂದಳು ಕನಕಕ್ಕ.

ಹೀಗೆ ನಮ್ಮ ಮನೆಗೆ ಮೂರನೆಯ ಒಲೆ ಬಂತು. ಕನಕಕ್ಕ ತಮಿಳಿನವಳು. ಅವಳ ಗಂಡ ಸೆಲ್ವಣ್ಣ ಕಾರ್ಖಾನೆಯ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುತ್ತಿದ್ದ. ಕಾದ ಕಬ್ಬಿಣ ಹೊಯ್ಯುವ ಮುಂಚೆ ಆ ಅಚ್ಚಿನ ಮೂಲೆಮೂಲೆಯನ್ನು ಬೆರಳಿನಲ್ಲಿ ತಿದ್ದಬೇಕಂತೆ. ಅದೇ ಬೆರಳಿನಲ್ಲಿ ನನಗೆ ತೆಂಗಿನಗರಿಯ ಗಿಳಿ, ವಾಚು ಮಾಡಿಕೊಡುತ್ತಿದ್ದ. ಅಪ್ಪಾಜಿ ಬೇಲಿಯ ಕಿಂಡಿಯಲ್ಲಿ ರೋಸಿಯನ್ನು ದಾಟಿಸಿ ಅವರ ಹಿತ್ತಲ ಬಾಗಿಲಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕನಕಕ್ಕ ಒಂದು ಅಲ್ಯೂಮಿನಿಯಂ ಪಾತ್ರೆ ತಂದು ಅವರ ಕೈಗೆ ಕೊಡುತ್ತಿದ್ದಳು. ಅಪ್ಪಾಜಿ ಕಲಸಿ ಇಡುತ್ತಿದ್ದರು. ರೋಸಿ ಮುಂಗಾಲು ಎರಡನ್ನೂ ಜೋಡಿಸಿ, ನಾಲಿಗೆ ಇಳಿಬಿಟ್ಟು, ಅಪ್ಪಾಜಿಯ ಬಲಗೈಯನ್ನೇ ನೋಡುತ್ತಾ ಕೂತಿರುತ್ತಿದ್ದಳು. ಆ ಕಲ್ಲು ಅವಳಿಗೆ ಸ್ವರ್ಗ. ಶಿವಮೊಗ್ಗದ ಕೆನಲ್ಲಿನ ಸಪ್ಪೆ ಸಾರಿಗಿಂತ ಕನಕಕ್ಕನ ಕೈಯದು ಬೇರೆಯೇ ಇತ್ತೆಂದು ಕಾಣುತ್ತದೆ. ನನಗೂ ಆ ಪರಿಮಳ ನೆನಪಿದೆ.

ಅದು ದಸರಾ ರಜೆ. ನಾನು, ಅಮ್ಮ ಅಜ್ಜಿಯ ಮನೆಯಲ್ಲಿದ್ದೆವು. ಎರಡು ರಸ್ತೆ ಆಚೆಗಿದ್ದ ಆಫೀಸರೊಬ್ಬರು ಮದುವೆಗೆ ಹೋಗಿ ಬರುವಷ್ಟರಲ್ಲಿ ಅವರ ಬೀರುವಿನಲ್ಲಿದ್ದ ಒಡವೆ ಹೋಗಿತ್ತು. ಶಿವಮೊಗ್ಗದಿಂದ ನಾಯಿ ಬರುತ್ತದಂತೆ ಎಂದು ಬೆಳಿಗ್ಗೆಯಿಂದಲೇ ನ್ಯೂ ಟೌನಿನಲ್ಲಿ ಸುದ್ದಿ. ಅಮ್ಮ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಸೆರಗು ಸರಿಮಾಡಿಕೊಂಡು ಜಗಲಿಯ ಮೇಲೆ ನಿಂತಳು. ಗಂಡನನ್ನು ಗೇಲಿ ಮಾಡುವುದೇನಿದ್ದರೂ ಮನೆಯೊಳಗೆ, ಊರ ಮುಂದೆ ಅವಳಿಗೆ ಅವರ ಮೇಲೆ ಭಾರೀ ಹೆಮ್ಮೆ. ನಾನು ಕಾಂಪೌಂಡ್ ಹತ್ತಿ ಕೂತೆ. ಸ್ವಲ್ಪ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಬೆಲ್ಟು ಎಳೆಯುತ್ತಾ ರೋಸಿ, ಅವಳ ಹಿಂದೆ ಅರ್ಧ ಓಡುತ್ತಾ ಅಪ್ಪಾಜಿ, ಅವರ ಹಿಂದೆ ಇನ್‌ಸ್ಪೆಕ್ಟರು, ಆಮೇಲೆ ಜನವೋ ಜನ.

"ನೋಡೇ ನಿಮ್ಮಪ್ಪಾಜಿ ಹೆಂಗೆ ಬರ್ತಿದಾರೆ!" ಎಂದಳು ಅಮ್ಮ.

ರೋಸಿ ನಮ್ಮ ಗೇಟಿನ ಮುಂದೆ ಬಂದು ಒಂದು ಕ್ಷಣ ಮೂಗೆತ್ತಿದಳು. ನಾನು ಮೇಲಿಂದ ಕೂಗಿದರೂ ನೋಡಲಿಲ್ಲ. ಮನೆಯ ಪಕ್ಕದ ಓಣಿಗೆ ತಿರುಗಿ, ದಾಸವಾಳದ ಬೇಲಿಯ ಕಿಂಡಿಯಲ್ಲಿ ನುಸುಳಿ, ಕನಕಕ್ಕನ ಹಿತ್ತಲ ಬಾಗಿಲಿನ ಕಲ್ಲಿನ ಮುಂದೆ ಹೋಗಿ ಕೂತಳು. ನಾನು ಹಿತ್ತಿಲಿಗೆ ಓಡಿ ಬೇಲಿಯ ಹತ್ತಿರ ನಿಂತೆ. ಆಲ್ಕೊಳದಲ್ಲಿ ಅವಳು ಬೊಗಳಿದ್ದಳು ಎಂದು ಅಪ್ಪಾಜಿಯೇ ಎಷ್ಟು ಸಲ ಹೇಳಿರಲಿಲ್ಲ? ಇಲ್ಲಿ ಬೊಗಳಲಿಲ್ಲ. ಮುಂಗಾಲು ಜೋಡಿಸಿದ್ದಳು, ನಾಲಿಗೆ ಇಳಿಬಿಟ್ಟಿದ್ದಳು, ನೋಟ ಬಾಗಿಲಿನ ಮೇಲೆ ಇರಲೇ ಇಲ್ಲ, ಅಪ್ಪಾಜಿಯ ಬಲಗೈಯ ಮೇಲಿತ್ತು. ಊಟದ ಹೊತ್ತಾಗಿತ್ತು, ಅವಳು ಊಟಕ್ಕೆ ಕೂತಿದ್ದಳು. ನಾಲ್ಕನೇ ಕ್ಲಾಸಿನ ನನಗೆ ಅದು ಗೊತ್ತಾಯಿತು. ಅಪ್ಪಾಜಿಗೆ ನನಗಿಂತ ಮೊದಲೇ ಗೊತ್ತಾಗಿರಬೇಕು, ಅವರ ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು.

ಜನ ಹೋ ಎಂದು ಕೂಗಿದರು. ಆ ಗಲಾಟೆಗೆ ಕನಕಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ನಾಯಿ.

"ಅಯ್ಯೋ ರೋಸಿ, ಇವತ್ತು..." ಎಂದವಳು ಜನರನ್ನು ಕಂಡು ಅಲ್ಲಿಗೇ ನಿಲ್ಲಿಸಿದಳು.

ಇನ್‌ಸ್ಪೆಕ್ಟರು ಮುಂದೆ ಬಂದರು. "ನಾಯಿ ಹೆಸರು ನಿಂಗೆ ಹೆಂಗಮ್ಮ ಗೊತ್ತು?"

ಕನಕಕ್ಕ ಅಪ್ಪಾಜಿಯನ್ನು ನೋಡಿದಳು. ಅಪ್ಪಾಜಿ ತಮ್ಮ ಕೈಯಲ್ಲಿದ್ದ ಬೆಲ್ಟನ್ನು ನೋಡಿದರು. ಇವರ ಕೆಲಸಕ್ಕೇ ಕುತ್ತು ಎಂದು ಅಮ್ಮ ಹೇಳಿದ್ದ ಮಾತು ಅವಳಿಗೆ ಆಗ ನೆನಪಾಗಿರಬೇಕು. ಅವಳು ಸೆರಗು ಹೊದ್ದುಕೊಂಡು, ನಿಧಾನವಾಗಿ, ನಮ್ಮನ್ನು ಉಳಿಸುವ ಸುಳ್ಳನ್ನು ಹೇಳಿದಳು.

"ಪೇಪರಲ್ಲಿ ನೋಡಿದ್ದೆ ಸಾರ್."

ಅಪ್ಪಾಜಿ ಬಾಯಿ ತೆರೆಯಲಿಲ್ಲ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಬೇಲಿಯ ಕಡ್ಡಿ ಹಿಡಿದುಕೊಂಡು ಕಾದೆ. ಕನಕಕ್ಕನೂ ಅದನ್ನೇ ಕಾಯುತ್ತಿದ್ದಳು, ಅವಳ ಕಣ್ಣು ಅವರ ಮುಖದಿಂದ ಅಲ್ಲಾಡಲಿಲ್ಲ. ಮನೆಯೊಳಗಿನ ಪಾತ್ರೆ, ಅಕ್ಕಿ ಡಬ್ಬ, ಟ್ರಂಕು ಎಲ್ಲ ಹಿತ್ತಿಲಿಗೆ ಬಂದು ಬಿದ್ದವು. ಒಡವೆ ಇರಲಿಲ್ಲ. ರೋಸಿಗೆ ಹಾಕುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಉರುಳಿಕೊಂಡು ಅವಳ ಮುಂದೆಯೇ ಬಂದು ನಿಂತಿತು, ಅವಳು ಬಾಲ ಅಲ್ಲಾಡಿಸಿದಳು. ಅಷ್ಟರಲ್ಲಿ ಸೈರನ್ ಕೂಗಿತು. ಶಿಫ್ಟು ಮುಗಿಸಿದ ಸೆಲ್ವಣ್ಣ ಸೈಕಲ್ ತಳ್ಳಿಕೊಂಡು, ಹ್ಯಾಂಡಲ್ಲಿಗೆ ಟಿಫಿನ್ ಕ್ಯಾರಿಯರ್ ತೂಗುಹಾಕಿಕೊಂಡು ಬಂದ. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವವರೆಗೂ ಯಾರೂ ಕಾಯಲಿಲ್ಲ. ಅವನನ್ನು ಕರೆದುಕೊಂಡು ಹೋದ ಠಾಣೆಯ ಹೆಸರು ಇಲ್ಲಿ ಬೇಡ. ಆ ಕಾಲದಲ್ಲಿ ಯಾವ ಠಾಣೆಯಾದರೂ ಅಷ್ಟೇ.

ಅಪ್ಪಾಜಿ ಅವತ್ತು ಅತ್ತೆಯ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಅಮ್ಮ ಅವರನ್ನು ದೇವರ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ನಾನು ಹೊರಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

"ಹೋಗಿ ಹೇಳ್ರೀ. ಅದು ಊಟಕ್ಕೆ ಹೋಗಿದ್ದು ಅಂತ ಹೇಳ್ರೀ."

"ಹೇಳಿದ್ರೆ ಸಸ್ಪೆಂಡ್ ಮಾಡ್ತಾರೆ ಕಣೇ. ಅಷ್ಟೇ ಅಲ್ಲ, ರೋಸಿ ಹಿಡಿದಿರೋ ಕೇಸೆಲ್ಲ ಕೋರ್ಟಲ್ಲಿ ಬಿದ್ದು ಹೋಗ್ತವೆ. ಕಂಡಕಂಡ ಕಡೆ ನಾಯಿಗೆ ಊಟ ಹಾಕೋ ಹ್ಯಾಂಡ್ಲರ್ ಅಂತ ಲಾಯರ್‌ಗಳು ಹರಿದು ತಿಂತಾರೆ."

"ಸೆಲ್ವಂ ಗತಿ?"

"ಮನೇಲಿ ಮಾಲು ಸಿಕ್ಕಿಲ್ಲ. ಒಂದೆರಡು ಮಾತು ಕೇಳಿ ಸಂಜೆಗೆ ಬಿಟ್ಟು ಕಳಿಸ್ತಾರೆ."

ಸಂಜೆಗೆ ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ. ನಾವು ರಜೆ ಮುಗಿಯುವ ಮೊದಲೇ ಶಿವಮೊಗ್ಗಕ್ಕೆ ಬಂದುಬಿಟ್ಟೆವು. ಆ ದಿನಗಳಲ್ಲಿ ಅಪ್ಪಾಜಿಯ ಲಿಂಗಪೂಜೆ ಉದ್ದವಾಯಿತು. ಅಂಗೈಯನ್ನು ಮುಖದ ಹತ್ತಿರಕ್ಕೆ ತಂದುಕೊಂಡು ಕೂತರೆ ಏಳುತ್ತಲೇ ಇರಲಿಲ್ಲ. ಅಮ್ಮ ಕೆಣಕುವುದನ್ನು ಬಿಟ್ಟಳು. ಮನೆಯಲ್ಲಿ ಜಗಳವೂ ಇಲ್ಲ, ಮಾತೂ ಇಲ್ಲ, ರೊಟ್ಟಿ ತಟ್ಟುವ ಸದ್ದು ಮಾತ್ರ. ಅಪ್ಪಾಜಿ ಯೂನಿಫಾರಂ ಹಾಕಿಕೊಂಡು ಹೊರಟಾಗಲೆಲ್ಲ ಅಮ್ಮ ಅವರ ಮುಖವನ್ನು ಹುಡುಕುತ್ತಿದ್ದಳು, ತಿರುಗಿ ಬಂದಾಗಲೂ ಹುಡುಕುತ್ತಿದ್ದಳು. ಅವರು ಇನ್ನೂ ಹೇಳಿಲ್ಲ ಎಂಬುದು ಅವರು ಬೂಟು ಬಿಚ್ಚುವ ರೀತಿಯಲ್ಲೇ ನಮಗೆ ತಿಳಿಯುತ್ತಿತ್ತು. ನನಗೆ ಅಪ್ಪಾಜಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯಾಯಿತು. ಇಷ್ಟು ಒಳ್ಳೆಯ ಮನುಷ್ಯನಿಂದ ಒಂದು ಮಾತು ಆಡಲು ಆಗುವುದಿಲ್ಲ ಎಂದರೆ ಆ ಮಾತು ಎಷ್ಟು ಭಾರ ಇರಬಹುದು ಎಂದು ಹೆದರಿಕೆ.

ಒಂದು ಬೆಳಿಗ್ಗೆ ಕನಕಕ್ಕ ನಮ್ಮ ಕ್ವಾರ್ಟರ್ಸಿಗೆ ಬಂದಳು. ಬಸ್ಸಿಳಿದು, ಮನೆ ಕೇಳಿಕೊಂಡು, ಮುಂಬಾಗಿಲಿಗೆ ಬರದೆ ಹಿತ್ತಿಲಿನ ಕಡೆಯಿಂದ ಬಂದು ರೋಸಿಯ ಒಲೆಯ ಹತ್ತಿರ ನಿಂತಿದ್ದಳು. ಕೆನಲ್ಲಿನ ಹಿಂದೆ ಅಪ್ಪಾಜಿ ರೋಸಿಯ ಮೈ ಉಜ್ಜುತ್ತಿದ್ದರು. ಅವಳಿಗೆ ಅವರು ಕಾಣುವಂತಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ನಿಂತಿದ್ದ ನನಗೆ ಇಬ್ಬರೂ ಕಾಣುತ್ತಿದ್ದರು. ಅಮ್ಮ ಓಡಿಬಂದು ಅವಳ ಕೈ ಹಿಡಿದಳು.

"ಅಣ್ಣ ಹೇಳ್ತಾರಲ್ವಾ ಅಕ್ಕಾ?" ಎಂದಳು ಕನಕಕ್ಕ. "ಸಾಹೇಬ್ರ ಹತ್ರ ಅಣ್ಣ ಒಂದು ಮಾತು ಹೇಳ್ತಾರಲ್ವಾ? ಒಳಗೆ ಬಿಡ್ತಿಲ್ಲ ನನ್ನ. ಬುತ್ತಿ ತಗೊಂಡು ಹೋದ್ರೆ ಹಂಗೇ ವಾಪಸ್ ಕೊಡ್ತಾರೆ. ಆಚೆ ನಿಂತ್ರೆ ನಮ್ಮನೆಯವರು ಕೂಗೋದು ಕೇಳುತ್ತೆ ಅಕ್ಕಾ."

ಕೆನಲ್ಲಿನ ಹಿಂದೆ ಉಜ್ಜುವ ಸದ್ದು ನಿಂತಿತು. ಅಪ್ಪಾಜಿ ಬ್ರಷ್ ಹಿಡಿದ ಕೈಯನ್ನು ರೋಸಿಯ ಬೆನ್ನ ಮೇಲಿಟ್ಟು ಹಾಗೆಯೇ ಕೂತಿದ್ದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಎದ್ದು ಬರಲಿಲ್ಲ. ಅಮ್ಮ ಆ ಕಡೆ ಒಮ್ಮೆ ಕಣ್ಣು ಹಾಯಿಸಿ, ಗಟ್ಟಿಯಾಗಿ, ಕೆನಲ್ಲಿಗೂ ಕೇಳುವ ಹಾಗೆ ಹೇಳಿದಳು.

"ಹೇಳ್ತಾರೆ ಕನಕಾ. ಹೇಳ್ದೆ ಎಲ್ಲಿಗೆ ಹೋಗ್ತಾರೆ?"

ಆಮೇಲೆ ಅಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಅಂಗಳದಲ್ಲಲ್ಲ, ಅಡುಗೆಮನೆಯಲ್ಲೇ, ತನ್ನ ಒಲೆಯ ಪಕ್ಕದಲ್ಲೇ ಮಣೆ ಹಾಕಿ ಕೂರಿಸಿ ರೊಟ್ಟಿ ಬಡಿಸಿದಳು. ಅಷ್ಟು ವರ್ಷ ಕಾದುಕೊಂಡು ಬಂದಿದ್ದ ಬಾಗಿಲು ಅವತ್ತು ತೆರೆಯಿತು, ಯಾರಿಗೂ ಅದರಿಂದ ಏನೂ ಆಗಲಿಲ್ಲ. ಕನಕಕ್ಕ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು.

ಕೊನೆಗೆ ಒಡವೆ ಸಿಕ್ಕಿದ್ದು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ. ಮಾರಲು ತಂದವನು ಆ ಆಫೀಸರ ಹತ್ತಿರದ ಸಂಬಂಧಿಕ. ಸೆಲ್ವಣ್ಣನನ್ನು ಬಿಟ್ಟರು. ಅವನ ಬಲಗೈ ಆಮೇಲೆ ಮುಷ್ಟಿ ಕಟ್ಟಲಿಲ್ಲ, ಪೂರ್ತಿ ಬಿಚ್ಚಲೂ ಇಲ್ಲ. ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸ ಹೋಯಿತು. ಮಾವ ಅವರಿವರ ಕಾಲು ಹಿಡಿದು ಅವನನ್ನು ಗೇಟಿನ ಹತ್ತಿರ ಸೈಕಲ್ ಸ್ಟ್ಯಾಂಡ್ ಕಾಯಲು ಹಾಕಿಸಿದರು. ಈ ಸುದ್ದಿ ಬಂದ ದಿನ ಅಪ್ಪಾಜಿ ಊಟದ ತಟ್ಟೆಯ ಮುಂದೆ ಕೂತು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಅಮ್ಮ ಸಾರು ಬಡಿಸಿ ಹೇಳಿದಳು.

"ಉಣ್ಣಿ. ನಿಮ್ಮ ಕೈ ಚೆನ್ನಾಗೇ ಇದೆಯಲ್ಲ."

ಅದಕ್ಕಿಂತ ಕ್ರೂರವಾದ ಮಾತನ್ನು ನಾನು ಈ ನೌಕರಿಯಲ್ಲೂ ಕೇಳಿಲ್ಲ. ಅಮ್ಮ ಆ ಮಾತನ್ನು ತನಗೂ ಸೇರಿಸಿಯೇ ಆಡಿದಳು ಎಂದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು. ಬೇಲಿಯ ಹತ್ತಿರ ಹೋಗಿ ಕನಕಕ್ಕನನ್ನು ಕರೆದವಳು ಅವಳೇ ತಾನೆ.

ಕೆಲವು ವರ್ಷಕ್ಕೆ ರೋಸಿ ನಿವೃತ್ತಳಾದಳು. ವಯಸ್ಸಾದ ನಾಯಿಯನ್ನು ಹ್ಯಾಂಡ್ಲರಿಗೇ ಕೊಡುತ್ತಾರೆ, ನಮ್ಮ ಹಿತ್ತಿಲಿಗೆ ಬಂದಳು. ನಮ್ಮ ಮನೆಗೆ ದೆವ್ವ ಹಿಡಿದದ್ದು ಆಗ. ದೆವ್ವ ಎಂದರೆ ಮತ್ತೇನಲ್ಲ, ಪ್ರತಿ ಮಧ್ಯಾಹ್ನ ಊಟದ ಹೊತ್ತಿಗೆ ರೋಸಿ ಎದ್ದು ಬಂದು, ನಮ್ಮ ಹಿತ್ತಲ ಬಾಗಿಲಿನ ಮೆಟ್ಟಿಲ ಮುಂದೆ ಮುಂಗಾಲು ಜೋಡಿಸಿ ಕೂತು, ಅಪ್ಪಾಜಿಯ ಬಲಗೈಯನ್ನು ನೋಡುತ್ತಿದ್ದಳು. ಅದೇ ಕೂರುವಿಕೆ, ಅದೇ ನಾಲಿಗೆ. ನನಗೆ ಆ ಕ್ಷಣ ಅವಳ ಹಿಂದೆ ಜನ ನಿಂತ ಹಾಗೆ, ಸೈಕಲ್ಲಿನ ಬೆಲ್ಲು ಕೇಳಿದ ಹಾಗೆ ಆಗುತ್ತಿತ್ತು. ಅಪ್ಪಾಜಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ರೋಸಿ ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂತೇ ಇರುತ್ತಿದ್ದಳು. ಒಂದು ದಿನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿತ್ತಿಲಿನಾಚೆ ಹೋಗಿ ಎರಡನೆಯ ಒಲೆ ಹೊತ್ತಿಸಿದಳು. ಮಾಂಸದ ಪಾತ್ರೆಗೆ ಅವಳು ಕೈಹಚ್ಚಿದ್ದು ಅದೇ ಮೊದಲು. ಮೂಗಿಗೆ ಸೆರಗು ಹಿಡಿದುಕೊಂಡು, ವಾಕರಿಸುತ್ತಾ, ಕಲಸಿ ರೋಸಿಯ ಮುಂದಿಟ್ಟಳು. ಬೇರೆ ಯಾರ ಕೈಯಿಂದಲೂ ತಿನ್ನದ ರೋಸಿ ಬಹಳ ಹೊತ್ತು ಯೋಚಿಸಿ ಬಾಯಿ ಹಾಕಿದಳು.

"ತಿನ್ನು. ನೀನೇನ್ ತಪ್ಪು ಮಾಡಿದ್ದಿ?" ಎಂದಳು ಅಮ್ಮ. ರೋಸಿ ಸಾಯುವವರೆಗೂ ಅವಳೇ ಬೇಯಿಸಿ ಹಾಕಿದಳು. ಆಮೇಲೆ ಆ ಒಲೆಯ ಕಲ್ಲುಗಳನ್ನು ತೆಗೆಯಲು ಬಿಡಲಿಲ್ಲ.

ಪೊಲೀಸ್ ಆಗಬೇಕೆಂದು ಯಾವಾಗ ಅನ್ನಿಸಿತು ಎಂದು ಸಂದರ್ಶನಗಳಲ್ಲಿ ಕೇಳುತ್ತಾರೆ. ಅಪ್ಪನ ಖಾಕಿ ನೋಡಿ ಎಂದು ಹೇಳಿಬಿಡುತ್ತೇನೆ, ಅದು ಪೂರ್ತಿ ಸುಳ್ಳೇನಲ್ಲ. ಐಪಿಎಸ್ ತರಬೇತಿ ಮುಗಿಸಿ ಮೊದಲ ಸಲ ಊರಿಗೆ ಬಂದಾಗ ಅಜ್ಜಿ ನನ್ನನ್ನು ಯೂನಿಫಾರಂನಲ್ಲಿ ನೋಡಬೇಕೆಂದು ಹಟ ಹಿಡಿದಳು. ಆಗ ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು, ಕಾರ್ಖಾನೆ ಸೊರಗಿತ್ತು, ಎಷ್ಟೋ ಮನೆಗಳಿಗೆ ಬೀಗ. ಅಜ್ಜಿಗೆ ತೋರಿಸಿ, ಅದೇ ವೇಷದಲ್ಲಿ ಬೇಲಿಯ ಕಿಂಡಿ ದಾಟಿ ಕನಕಕ್ಕನ ಹಿತ್ತಿಲಿಗೆ ಹೋದೆ. ಇದು ದಡ್ಡತನ ಎಂದು ಹೋದ ಮೇಲೆ ತಿಳಿಯಿತು. ಕಲ್ಲಿನ ಮೇಲೆ ಕೂತಿದ್ದ ಸೆಲ್ವಣ್ಣ ಖಾಕಿ ಕಂಡ ಕೂಡಲೇ ಎದ್ದುನಿಂತು ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಾನು ಪುಟ್ಟಿ ಎಂದು ಹೇಳಿದ ಮೇಲೆಯೇ ಆ ಕೈ ಮುಂದೆ ಬಂದದ್ದು. ಕನಕಕ್ಕ ಅತ್ತಳು, ಕಾಫಿ ಕೊಟ್ಟಳು, ಅಪ್ಪಾಜಿಯ ಶುಗರ್ ಹೇಗಿದೆ ಎಂದು ವಿಚಾರಿಸಿದಳು. ನಾನು ಹೇಗೋ ಕೇಳಿದೆ, ರೋಸಿ ಇಲ್ಲಿ ಉಣ್ಣುತ್ತಿದ್ದಳು ಅಂತ ನೀವಾದರೂ ಠಾಣೆಯಲ್ಲಿ ಹೇಳಬಹುದಿತ್ತಲ್ಲ ಸೆಲ್ವಣ್ಣ ಎಂದು.

"ಮೊದ್ಲು ಹೇಳ್ಲಿಲ್ಲಮ್ಮ" ಎಂದ. "ಅಣ್ಣ ಬರ್ತಾರೆ, ಅವರೇ ಹೇಳ್ತಾರೆ, ನಾನು ಹೇಳಿ ಅವರ ಕೆಲ್ಸ ಯಾಕೆ ಕಳೀಲಿ ಅಂತ. ಆಮೇಲೆ ತಡೆಯೋಕಾಗ್ಲಿಲ್ಲ, ಹೇಳ್ಬಿಟ್ಟೆ. ನಗಾಡಿದ್ರು. ಅಣ್ಣನ್ನ ಕರೆಸಿ ಕೇಳಿದ್ರು."

"ಏನಂತ?"

"ಆ ಮನೇಲಿ ನಾಯಿಗೆ ಊಟ ಹಾಕ್ತಿದ್ಯಾ ರುದ್ರಪ್ಪಾ ಅಂತ. ನಾನು ಗೋಡೆ ಈಚೆ ಇದ್ದೆ, ಕೇಳಿಸ್ತು. ಅಣ್ಣ ಇಲ್ಲ ಸಾರ್ ಅಂದ್ರು." ಆಮೇಲೆ ತಾನೇ ಸೇರಿಸಿದ, "ಪಾಪ, ಅವರಾದ್ರೂ ಏನ್ ಮಾಡ್ತಾರೆ. ನೀನು ಚಿಕ್ಕೋಳಿದ್ದೆ."

ಅಪ್ಪಾಜಿ ಸುಮ್ಮನಿದ್ದರು ಎಂದಷ್ಟೇ ಅಲ್ಲಿಯವರೆಗೆ ನಾನು ತಿಳಿದಿದ್ದೆ. ಕೇಳಿದರೂ ಇಲ್ಲ ಎಂದಿದ್ದರು ಎಂಬುದನ್ನು ಅಮ್ಮನಿಗೆ ನಾನು ಹೇಳಲಿಲ್ಲ. ಅವಳು ಅದು ತಿಳಿಯದೆಯೇ ತೀರಿಕೊಂಡಳು. ಅಪ್ಪಾಜಿಗೂ ನನಗೆ ಗೊತ್ತು ಎಂದು ಹೇಳಲಿಲ್ಲ. ನನ್ನ ಕೈಕೆಳಗಿನವರು ನಾಯಿ ಒಂದು ಮನೆ ಮುಂದೆ ಹೋಗಿ ಕೂತಿದೆ ಮೇಡಂ, ಮನೆಯವರನ್ನ ಕರೆತರೋಣವಾ ಎಂದು ಕೇಳಿದಾಗಲೆಲ್ಲ, ಆ ನಾಯಿ ಎಲ್ಲೆಲ್ಲಿ ಉಂಡಿದೆ ಅಂತ ಮೊದಲು ವಿಚಾರಿಸಿ ಎನ್ನುತ್ತೇನೆ. ಮೇಡಂಗೆ ಇದೊಂದು ಹುಚ್ಚು ಎಂದು ಹಿಂದಿನಿಂದ ನಗುತ್ತಾರೆ ಎಂಬುದು ನನಗೆ ಗೊತ್ತು.

ಅಪ್ಪಾಜಿ ಈಗ ನನ್ನ ಜೊತೆಯಲ್ಲೇ ಇದ್ದಾರೆ, ಕಮಿಷನರ್ ಬಂಗಲೆಯಲ್ಲಿ. ಅವರಿಗೆ ಮರೆವು ಹತ್ತಿದೆ. ಅಮ್ಮ ಹೋದದ್ದು ಮರೆತಿದ್ದಾರೆ, ನನ್ನ ಹೆಸರು ಮರೆತಿದ್ದಾರೆ, ಕೊರಳಿನ ಲಿಂಗವನ್ನು ಬಿಚ್ಚಿ ಏನಿದು ಎಂದು ನೋಡುತ್ತಾರೆ. ಬೆಳಿಗ್ಗೆ ನಾನು ಯೂನಿಫಾರಂ ಹಾಕಿಕೊಂಡು ತಿಂಡಿಯ ಮೇಜಿಗೆ ಬಂದರೆ ಸಾಕು, ಕುರ್ಚಿ ಹಿಂದೆ ತಳ್ಳಿ ಎದ್ದು, ನಡುಗುವ ಕಾಲನ್ನು ಜೋಡಿಸಿ ಅಟೆನ್ಷನ್‌ನಲ್ಲಿ ನಿಲ್ಲುತ್ತಾರೆ. ನಾನು ಅವರ ಮಗಳೆಂದು ಅವರಿಗೆ ಗೊತ್ತಿರುವುದಿಲ್ಲ. ಅವರ ಪಾಲಿಗೆ ನಾನು ಅವತ್ತಿನ ಆ ಇನ್‌ಸ್ಪೆಕ್ಟರು.

"ಹಾಕ್ತಿದ್ದೆ ಸಾರ್" ಎನ್ನುತ್ತಾರೆ. "ಆ ಮನೆ ಹಿತ್ಲಲ್ಲೇ ಹಾಕ್ತಿದ್ದೆ. ಅದು ಊಟಕ್ಕೆ ಕೂತಿದ್ದು ಸಾರ್. ಅವನೇನೂ ಮಾಡಿಲ್ಲ."

ಮೊದಮೊದಲು "ಅಪ್ಪಾಜಿ, ನಾನು ಪುಟ್ಟಿ" ಎಂದು ಹೇಳಿ ಕೂರಿಸಲು ನೋಡುತ್ತಿದ್ದೆ. ಅವರು ಕೂರುತ್ತಿರಲಿಲ್ಲ, ಉಣ್ಣುತ್ತಲೂ ಇರಲಿಲ್ಲ. ಈಗ ಕಲಿತಿದ್ದೇನೆ. ಟೋಪಿಯನ್ನೂ ಹಾಕಿಕೊಂಡು, ಎದುರು ನಿಂತು, ಆ ಇನ್‌ಸ್ಪೆಕ್ಟರು ಹೇಳಬೇಕಾಗಿದ್ದ ಮಾತನ್ನು ಹೇಳುತ್ತೇನೆ.

"ಸರಿ ರುದ್ರಪ್ಪ. ಈಗಲೇ ಬಿಟ್ಟು ಕಳಿಸ್ತೀವಿ."

ಅವರು ಸೆಲ್ಯೂಟ್ ಹೊಡೆದು ಕೂರುತ್ತಾರೆ. ಬಲಗೈಯಲ್ಲಿ ರೊಟ್ಟಿ ಮುರಿದು ನೆಮ್ಮದಿಯಾಗಿ ತಿನ್ನುತ್ತಾರೆ. ನಾನು ಕಾರು ಹತ್ತುತ್ತೇನೆ. ಮರುದಿನ ಬೆಳಿಗ್ಗೆ ಸೆಲ್ವಣ್ಣ ಮತ್ತೆ ಒಳಗಿರುತ್ತಾನೆ.